ಸಹಿ ಇದ್ದರೆ ಒಪ್ಪಿಗೆ ಇದ್ದಂತೆಯೇ?

ಸಿ.ಎ. ಫೌಂಡೇಶನ್‌ಗೆ ಓದುತ್ತಿರುವ ನಮ್ಮ ಕಾಮರ್ಸ್ ಗೆಳೆಯ ಗೆಳತಿಯರಿಗೆ 1872ರ ಭಾರತೀಯ ಕರಾರು ಅಧಿನಿಯಮ ಗೊತ್ತಿರುತ್ತದೆ. ಅದರ 13ನೇ ಸೆಕ್ಷನ್ ಪ್ರಕಾರ, ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ. ಮಾರುವವನ ಮನಸ್ಸಿನಲ್ಲಿ ಚಾಲಿ ಅಡಿಕೆ, ಕೊಳ್ಳುವವನ ಮನಸ್ಸಿನಲ್ಲಿ ಕೆಂಪಡಿಕೆ ಇದ್ದರೆ ಕಾಗದದ ಮೇಲೆ ಎಷ್ಟು ಸಹಿ ಇದ್ದರೂ ಸಮ್ಮತಿ ಆಗಿಲ್ಲ. 14ನೇ ಸೆಕ್ಷನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ಸಮ್ಮತಿ ಮುಕ್ತವಾಗಿರಬೇಕು ಎನ್ನುತ್ತದೆ. ಒತ್ತಾಯ, ಅನುಚಿತ ಪ್ರಭಾವ, ವಂಚನೆ, ತಪ್ಪು ಮಾಹಿತಿ, ತಪ್ಪು ತಿಳಿವಳಿಕೆ ಇವು ಯಾವುವೂ ಅದಕ್ಕೆ ಕಾರಣವಾಗಿರಬಾರದು. ಅನುಚಿತ ಪ್ರಭಾವಕ್ಕೆ ಅಧಿನಿಯಮವೇ ಕೊಡುವ ಒಂದು ಉದಾಹರಣೆ, ಕಾಯಿಲೆಯಿಂದ ಸೊರಗಿದ ರೋಗಿ ಮತ್ತು ಅವನನ್ನು ನೋಡಿಕೊಳ್ಳುವ ವೈದ್ಯನದು.

ಇದೆಲ್ಲ ಮೂಟೆ ಅಡಿಕೆಯ ವಿಷಯ. ನಮ್ಮ ದೇಹದ ವಿಷಯದಲ್ಲಿ ಸಮ್ಮತಿ ಎಂದರೇನು? ಅದರಲ್ಲೂ ಮಗು ಬೇಕೋ ಬೇಡವೋ ಎಂಬ ವಿಷಯದಲ್ಲಿ, ಒಪ್ಪಿಗೆ ಕೊಡಬೇಕಾದವರು ವಿಕಲಚೇತನರಾಗಿದ್ದರೆ?

ಮೊದಲು ಸಾಮಾನ್ಯ ನಿಯಮ ನೋಡೋಣ. 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. 44 ವರ್ಷದ ಮಹಿಳೆಯೊಬ್ಬರು ಒಂದು ಪರೀಕ್ಷೆಗೆ ಒಪ್ಪಿ ಅರಿವಳಿಕೆಯಲ್ಲಿದ್ದರು. ಆಗ ವೈದ್ಯರು ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಮಗಳ ಗರ್ಭಕೋಶ ಮತ್ತು ಅಂಡಾಶಯಗಳನ್ನೇ ತೆಗೆದರು. ಪ್ರಾಣಾಪಾಯ ಇರಲಿಲ್ಲ. ಎಚ್ಚರವಾದ ಮೇಲೆ ಮಗಳನ್ನೇ ಕೇಳಬಹುದಾಗಿದ್ದ ಕಾರಣ ತಾಯಿಯ ಒಪ್ಪಿಗೆ ನಡೆಯುವುದಿಲ್ಲ ಎಂದು ಕೋರ್ಟ್ ಹೇಳಿತು. ವೈದ್ಯರು ರೋಗಿಗೆ ಏನೇನು ತಿಳಿಸಬೇಕು ಎಂಬುದನ್ನೂ ವಿವರಿಸಿತು. ಏನು ಮಾಡುತ್ತಾರೆ, ಏಕೆ, ಅದರಿಂದ ಏನಾಗುತ್ತದೆ, ಬೇರೆ ದಾರಿ ಇದೆಯೇ, ದೊಡ್ಡ ಅಪಾಯಗಳೇನು, ಬೇಡವೆಂದರೆ ಏನಾಗಬಹುದು. ಇಷ್ಟು ತಿಳಿದು ಕೊಟ್ಟ ಒಪ್ಪಿಗೆಯೇ ತಿಳಿವಳಿಕೆಯ ಸಮ್ಮತಿ. ಉರ್ದುವಿನ ‘ರಜಾಮಂದಿ’ ಪದ ನನಗೆ ಇದಕ್ಕೆ ಇನ್ನೂ ಹತ್ತಿರ ಎನಿಸುತ್ತದೆ, ಏಕೆಂದರೆ ಅದರಲ್ಲಿ ಮನಸ್ಸು ಒಪ್ಪಿದೆ ಎಂಬ ಅರ್ಥವೂ ಇದೆ.

ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಹುಟ್ಟಿನಿಂದ ಕಿವಿ ಕೇಳದವರು, ಮಾತು ಬಾರದವರು. ಉರ್ದು ಓದಲು ಬರೆಯಲು ಚೆನ್ನಾಗಿ ಬರುತ್ತದೆ. ಅವರ ನಿಕಾಹ್ ದಿನ ಖಾಜಿ ಸಾಹೇಬರು ಪ್ರಶ್ನೆಯನ್ನು ಕಾಗದದ ಮೇಲೆ ಬರೆಸಿ ಸಾಕ್ಷಿಗಳ ಎದುರಿಗೆ ಅವರ ಕೈಗೇ ಕೊಡಿಸಿದ್ದರು. ಖಾಲಾ ಓದಿ, ‘ಕಬೂಲ್’ ಎಂದು ಬರೆದು ತಲೆಯಾಡಿಸುವವರೆಗೂ ಎಲ್ಲರೂ ಕಾದರು. ಮಾತು ಬಾರದವರ ಸ್ಪಷ್ಟ ಸನ್ನೆಗೆ ಮಾತಿನಷ್ಟೇ ಬೆಲೆ ಎಂಬುದು ಫಿಕ್ಹ್‌ನ ಹಳೆಯ ನಿಯಮ. ಕೆಲವು ವರ್ಷಗಳ ನಂತರ ಎರಡನೇ ಹೆರಿಗೆ ಸಿಸೇರಿಯನ್ ಆಯಿತು. ಆಸ್ಪತ್ರೆಯ ಫಾರಂನಲ್ಲಿ ಉರ್ದು ಇರಲಿಲ್ಲ. ಮಾತುಕತೆಯೆಲ್ಲ ಖಾಲೂ ಜೊತೆ ನಡೆಯಿತು. ಬರೆಯಲು ಬರುವ ಖಾಲಾರಿಂದ ಹೆಬ್ಬೆಟ್ಟು ಒತ್ತಿಸಿಕೊಂಡರು. ಒಂದು ವರ್ಷದ ಮೇಲೆ ಹೊಟ್ಟೆನೋವೆಂದು ಬೇರೆ ಕಡೆ ತೋರಿಸಿದಾಗ, ಸ್ಕ್ಯಾನಿಂಗ್‌ನಲ್ಲಿ ವಂಕಿ, ಅಂದರೆ ಕಾಪರ್-ಟಿ, ಹಾಕಿರುವುದು ಗೊತ್ತಾಯಿತು. ಹೆರಿಗೆಯ ದಿನ ಖಾಲೂಗೆ ಹೇಳಿದ್ದರಂತೆ, ಅವರು ಗಾಬರಿಯಲ್ಲಿ ‘ಹೂಂ’ ಅಂದಿದ್ದರಂತೆ. ಖಾಲಾ ಇದರ ಬಗ್ಗೆ ನನಗೆ ಬರೆದು ತೋರಿಸಿದ್ದು ಇಷ್ಟು: ನನ್ನನ್ನು ಕೇಳಿದ್ದರೆ ನಾನೂ ಬಹುಶಃ ಹೂಂ ಅನ್ನುತ್ತಿದ್ದೆ, ಆದರೆ ಕೇಳಲಿಲ್ಲ.

(ಇದನ್ನು ಇಲ್ಲಿ ಬರೆಯಲೇ ಎಂದು ಅವರಿಗೆ ಉರ್ದುವಿನಲ್ಲಿ ಬರೆದು ಕೇಳಿದೆ. ಎರಡು ಸಾಲು ಹೊಡೆದುಹಾಕಿ ಉಳಿದದ್ದಕ್ಕೆ ಒಪ್ಪಿದರು.)

ಖಾಲಾಗೆ ಅರ್ಥ ಮಾಡಿಕೊಳ್ಳುವ ಶಕ್ತಿ ಪೂರ್ತಿ ಇತ್ತು, ಅವರ ಭಾಷೆಯಲ್ಲಿ ಯಾರೂ ಕೇಳಲಿಲ್ಲ ಅಷ್ಟೇ. ಅರ್ಥ ಮಾಡಿಕೊಳ್ಳುವ ಶಕ್ತಿಯ ಬಗ್ಗೆಯೇ ಅನುಮಾನ ಇರುವವರ ವಿಷಯದಲ್ಲಿ ಪ್ರಶ್ನೆ ಇನ್ನೂ ಕಷ್ಟದ್ದು. ಆ ಪ್ರಶ್ನೆ 2009ರಲ್ಲಿ ಚಂಡೀಗಢದಿಂದ ಸುಪ್ರೀಂ ಕೋರ್ಟಿಗೆ ಬಂತು.

ಅಲ್ಲಿನ ಸರ್ಕಾರಿ ಆಶ್ರಯಧಾಮದಲ್ಲಿ 19-20 ವರ್ಷದ ಒಬ್ಬ ಅನಾಥ ಯುವತಿ ಇದ್ದಳು. ಅವಳಿಗೆ ಬೌದ್ಧಿಕ ಅಂಗವೈಕಲ್ಯ ಇತ್ತು. ಅವಳ ಮೇಲೆ ಅತ್ಯಾಚಾರ ನಡೆದು ಗರ್ಭ ನಿಂತಿರುವುದು ಆ ವರ್ಷದ ಮೇ ತಿಂಗಳಲ್ಲಿ ಗೊತ್ತಾಯಿತು. ಆರೋಪ ಬಂದದ್ದು ಆಶ್ರಯ ಕೊಟ್ಟ ಜಾಗದ ಸಿಬ್ಬಂದಿಯ ಮೇಲೆಯೇ. ಆಡಳಿತ ಗರ್ಭಪಾತಕ್ಕೆ ಅನುಮತಿ ಕೇಳಿ ಹೈಕೋರ್ಟಿಗೆ ಹೋಯಿತು. ಹೈಕೋರ್ಟ್ ನೇಮಿಸಿದ ತಜ್ಞರ ಸಮಿತಿ ಅವಳೊಂದಿಗೆ ಮಾತಾಡಿತು. ಮಗು ಬೇಕು ಎಂಬುದು ಅವಳ ಇಚ್ಛೆ ಎಂದು ತಿಳಿದು, ಗರ್ಭ ಮುಂದುವರಿಯುವುದರ ಪರವಾಗಿಯೇ ಅಭಿಪ್ರಾಯ ಕೊಟ್ಟಿತು. ಹಾಗಿದ್ದರೂ ಜುಲೈ 17ರಂದು ಹೈಕೋರ್ಟ್ ಗರ್ಭಪಾತಕ್ಕೆ ಆದೇಶಿಸಿತು. ಯಾರೂ ಇಲ್ಲದ ಇವಳು ಮಗುವನ್ನು ಹೇಗೆ ಸಾಕುತ್ತಾಳೆ ಎಂಬುದು ಅದರ ಚಿಂತೆ. ಆ ಚಿಂತೆ ಸುಳ್ಳಲ್ಲ. ನಮ್ಮ ಮನೆಗಳಲ್ಲೂ ಹಿರಿಯರು ಅದನ್ನೇ ಕೇಳುತ್ತಾರೆ.

ಸುಚಿತಾ ಶ್ರೀವಾಸ್ತವ ಎಂಬವರ ಹೆಸರಿನಲ್ಲಿ ಮೇಲ್ಮನವಿ ಹೋಯಿತು. ಆಗ 20 ವಾರಗಳ ಕಾನೂನು ಮಿತಿ ಮುಗಿಯುವುದರಲ್ಲಿತ್ತು. ಜುಲೈ 21ರಂದು ಸುಪ್ರೀಂ ಕೋರ್ಟ್ ಆದೇಶಕ್ಕೆ ತಡೆ ಕೊಟ್ಟು, ಆಗಸ್ಟ್ 28ರಂದು ಕಾರಣಗಳನ್ನು ತಿಳಿಸಿತು. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಪೀಠ ಹಿಡಿದುಕೊಂಡದ್ದು ಒಂದು ಸಣ್ಣ ಪದವನ್ನು. 1971ರ ಗರ್ಭಪಾತ ಕಾಯಿದೆಯಲ್ಲಿ, ಹೆಣ್ಣಿನ ಬದಲು ಪೋಷಕರು ಒಪ್ಪಿಗೆ ಕೊಡಬಹುದಾದದ್ದು ಎರಡೇ ಸಂದರ್ಭದಲ್ಲಿ: ಅವಳು 18 ತುಂಬದವಳಾಗಿದ್ದರೆ, ಅಥವಾ ‘ಮಾನಸಿಕ ಅಸ್ವಸ್ಥೆ’ಯಾಗಿದ್ದರೆ. 2002ರ ತಿದ್ದುಪಡಿ ಆ ಎರಡನೆಯ ಪದದ ಅರ್ಥದಿಂದ ಬುದ್ಧಿಮಾಂದ್ಯತೆಯನ್ನು ಬೇಕೆಂದೇ ಹೊರಗಿಟ್ಟಿತ್ತು. ಮಾನಸಿಕ ಕಾಯಿಲೆ ಬೇರೆ, ಬುದ್ಧಿ ನಿಧಾನವಾಗಿ ಬೆಳೆಯುವುದು ಬೇರೆ. ಆದ್ದರಿಂದ ಈ ಯುವತಿ ಕಾನೂನಿನ ಕಣ್ಣಿಗೆ ಉಳಿದ ವಯಸ್ಕ ಹೆಂಗಸರಂತೆಯೇ, ಅವಳ ಒಪ್ಪಿಗೆ ಇಲ್ಲದೆ ಮುಟ್ಟುವಂತಿಲ್ಲ. ಮಗು ಪಡೆಯುವ ಅಥವಾ ಪಡೆಯದಿರುವ ಆಯ್ಕೆ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದೂ ಕೋರ್ಟ್ ಹೇಳಿತು. ಇನ್ನು ಸಾಕುವ ಪ್ರಶ್ನೆ. ಅದಕ್ಕೆ ಬೇಕಾದ ನೆರವು ಒದಗಿಸುವುದು ಸಮಾಜದ ಮತ್ತು ಆಡಳಿತದ ಕೆಲಸ. ಕೇಂದ್ರದ ನ್ಯಾಷನಲ್ ಟ್ರಸ್ಟ್ ನೆರವಿಗೆ ಮುಂದೆ ಬಂದಿರುವುದನ್ನು ಕೋರ್ಟ್ ದಾಖಲಿಸಿತು. ಆ ಡಿಸೆಂಬರ್‌ನಲ್ಲಿ ಅವಳಿಗೆ ಹೆಣ್ಣು ಮಗು ಹುಟ್ಟಿತು.

ಈ ತೀರ್ಪಿನಲ್ಲಿ ಒಂದು ಮಾತು ಸುಲಭವಾಗಿ ತಪ್ಪಿಹೋಗುತ್ತದೆ. ಕೋರ್ಟ್ ಗರ್ಭಪಾತದ ವಿರುದ್ಧ ತೀರ್ಪು ಕೊಡಲಿಲ್ಲ. ಅವಳು ‘ಬೇಡ’ ಎಂದಿದ್ದರೆ ಅದೇ ತರ್ಕದಿಂದ ಅವಳ ‘ಬೇಡ’ವೂ ಉಳಿಯುತ್ತಿತ್ತು.

2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಾಗ ಚಂಡೀಗಢದ ಈ ತೀರ್ಪನ್ನೂ ಆಧಾರವಾಗಿ ತೆಗೆದುಕೊಂಡಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು.

ಆದರೆ ಎಲ್ಲರ ಕಥೆಯೂ ಕೋರ್ಟಿಗೆ ಬರುವುದಿಲ್ಲ. 1994ರ ಫೆಬ್ರವರಿಯಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ, ಶಿರೂರಿನ ಸರ್ಕಾರಿ ವಸತಿಗೃಹದ ಬೌದ್ಧಿಕ ಅಂಗವೈಕಲ್ಯದ ಹೆಣ್ಣುಮಕ್ಕಳ ಗರ್ಭಕೋಶ ತೆಗೆದರು. ಮುಟ್ಟಿನ ಸಮಯದಲ್ಲಿ ಶುಚಿ ನೋಡಿಕೊಳ್ಳಲು ಅವರಿಗೆ ಆಗುವುದಿಲ್ಲ ಎಂಬುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ಪ್ರತಿಭಟಿಸಿದ ಮೇಲೆ ಅದು ನಿಂತಿತು. ಪ್ಯಾಡ್ ಬದಲಿಸುವುದನ್ನು ಕಲಿಸಲು ಬೇಕಾದಷ್ಟು ಆಯಾಗಳಿದ್ದರೆ ಆಪರೇಷನ್ ಮಾತು ಬರುತ್ತಿತ್ತೇ ಎಂದು ನನಗೆ ಅನುಮಾನ.

ಇಂದು ಇದಕ್ಕೆ ಕಾನೂನು ಇದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 10ನೇ ಸೆಕ್ಷನ್ ಎರಡು ವಿಷಯ ಹೇಳುತ್ತದೆ. ಸಂತಾನ ಮತ್ತು ಕುಟುಂಬ ಯೋಜನೆಯ ಮಾಹಿತಿ ವಿಕಲಚೇತನರಿಗೆ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು. ತಿಳಿದು, ಮುಕ್ತವಾಗಿ ಕೊಟ್ಟ ಒಪ್ಪಿಗೆಯಿಲ್ಲದೆ ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಅವರಿಗೆ ಮಾಡಬಾರದು. ಗಂಡಸರಿಗೂ ಇದು ಅನ್ವಯ. 92ನೇ ಸೆಕ್ಷನ್ ಪ್ರಕಾರ ವಿಕಲಚೇತನ ಮಹಿಳೆಯ ಸ್ಪಷ್ಟ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿದವರಿಗೆ 6 ತಿಂಗಳಿಂದ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ.

ಅದೇ ಸೆಕ್ಷನ್‌ನಲ್ಲಿ ಒಂದು ವಿನಾಯಿತಿಯೂ ಇದೆ. ಅಂಗವೈಕಲ್ಯ ‘ತೀವ್ರ’ವಾಗಿದ್ದರೆ ವೈದ್ಯರ ಅಭಿಪ್ರಾಯ ಮತ್ತು ಪೋಷಕರ ಒಪ್ಪಿಗೆ ಸಾಕು. ತೀವ್ರ ಎಂದರೆ ಎಷ್ಟು ಎಂದು ಅಧಿನಿಯಮ ಬಿಡಿಸಿ ಹೇಳುವುದಿಲ್ಲ. ಇಲ್ಲಿ ನನಗೆ ಮತ್ತೆ 1872ರ ಪುಸ್ತಕ ನೆನಪಾಗುತ್ತದೆ. ಅದರ 12ನೇ ಸೆಕ್ಷನ್ ವ್ಯಕ್ತಿಗೆ ಹಚ್ಚಿದ ಹಣೆಪಟ್ಟಿಯನ್ನು ನೋಡುವುದಿಲ್ಲ. ಸಾಮಾನ್ಯವಾಗಿ ಸ್ವಸ್ಥಚಿತ್ತ ಇಲ್ಲದವನೂ ಸ್ವಸ್ಥನಾಗಿರುವ ಹೊತ್ತಿನಲ್ಲಿ ಕರಾರು ಮಾಡಬಹುದು, ಆ ಹೊತ್ತಿನಲ್ಲಿ ವಿಷಯ ಅರ್ಥವಾಗುತ್ತಿತ್ತೇ ಎಂಬುದೇ ಪ್ರಶ್ನೆ ಎನ್ನುತ್ತದೆ. ಹೊಲ ಮಾರುವವನಿಗೆ ಕೇಳುವ ಆ ಪ್ರಶ್ನೆಯನ್ನು 92ನೇ ಸೆಕ್ಷನ್‌ನ ವಿನಾಯಿತಿ ಗರ್ಭಿಣಿಗೆ ಕೇಳುವುದಿಲ್ಲ. ಮುಂದೆ ಎಲ್‌ಎಲ್‌ಬಿ ಓದಬೇಕೆಂದಿರುವ ಸೀನಿಯರ್‌ಗಳು ಈ ಸಾಲನ್ನು ಒಮ್ಮೆ ತೆಗೆದು ನೋಡಿ.