ಮಣ್ಣಿಗೆ ಕಾವು ಕೊಟ್ಟರೆ ವಿಷ ಹೋದೀತೇ?

ಬೇಸಿಗೆಯಲ್ಲಿ ಸಸಿಮಡಿಗೆ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಮಣ್ಣು ಒತ್ತಿ ನಾಲ್ಕಾರು ವಾರ ಬಿಡುವ ಪದ್ಧತಿ ತುಕ್ಕಾನಟ್ಟಿ ಸುತ್ತಿನ ತರಕಾರಿ ಬೆಳೆಗಾರರಲ್ಲಿ ಕೆಲವರಿಗಾದರೂ ಗೊತ್ತಿದ್ದೀತು. ಮೇಲ್ಮಣ್ಣು 50 ಡಿಗ್ರಿಯ ಆಸುಪಾಸಿಗೆ ಕಾಯುತ್ತದೆ; ಸಸಿ ಕೊಳೆಸುವ ಶಿಲೀಂಧ್ರ, ಕಳೆಬೀಜ ಸಾಯುತ್ತವೆ. ಹಳೆಯ ಕೀಟನಾಶಕದ ವಿಷಕ್ಕೆ ಮಾತ್ರ ಈ ಕಾವು ಏನೇನೂ ಸಾಲದು.

ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನನ್ನೇ ನೋಡಿ. ಕನ್ನಡಿಗರು ಹೆಚ್ಚಾಗಿರುವ ಎಣ್ಮಕಜೆ, ಪಡ್ರೆಯವರು ಅದರ ನೋವುಂಡವರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶಾದ್ಯಂತ ತಡೆಯಿತು. ಈ ವಿಷ ಮಣ್ಣಿನಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡುತ್ತದೆ. ಅದೂ ವಿಷವೇ, ಮೂಲಕ್ಕಿಂತ ಹೆಚ್ಚು ಕಾಲ ಉಳಿಯುವಂಥದ್ದು. ನೀರಿಗೆ ಅಷ್ಟಾಗಿ ಕರಗದೆ ಮಣ್ಣಿನ ಕಣಕ್ಕೆ ಅಂಟಿ ಕೂರುತ್ತದೆ.

ಇಂಥ ಹಟಮಾರಿ ವಿಷವನ್ನು ಮಣ್ಣಿನಿಂದ ಬಿಡಿಸಲು ಕಾವು ನೂರಾರು ಡಿಗ್ರಿಗೆ ಏರಬೇಕು. ಆಗ ವಿಷ ಆವಿಯಾಗಿ ಏಳುತ್ತದೆ, ಒಂದಷ್ಟು ಅಲ್ಲೇ ಒಡೆಯುತ್ತದೆ. ದೊಡ್ಡ ಅಡ್ಡಿ ಎಂದರೆ ತೇವ. ಬೆಲ್ಲದ ಗಾಣದಲ್ಲಿ ಕೊಪ್ಪರಿಗೆಯ ಹಾಲಿನ ನೀರು ಆರುವವರೆಗೆ ಎಷ್ಟು ಉರಿ ಹಾಕಿದರೂ ಪಾಕ ಬರುವುದಿಲ್ಲವಲ್ಲ, ಹಸಿ ಮಣ್ಣೂ ಹಾಗೆಯೇ ನೂರು ಡಿಗ್ರಿಯಲ್ಲೇ ನಿಂತುಬಿಡುತ್ತದೆ. ಖರ್ಚಿನ ದೊಡ್ಡ ಪಾಲು ನೀರು ಆರಿಸುವುದಕ್ಕೇ ಹೋಗುತ್ತದೆ.

ವಿಯೆಟ್ನಾಮಿನ ಡನಾಂಗ್ ವಿಮಾನ ನಿಲ್ದಾಣದಲ್ಲಿ ಇದನ್ನು ಮಾಡಿ ತೋರಿಸಿದ್ದಾರೆ. ಯುದ್ಧಕಾಲದಲ್ಲಿ ಅಮೆರಿಕದ ಸೇನೆ ಅಲ್ಲಿಟ್ಟಿದ್ದ ಏಜೆಂಟ್ ಆರೆಂಜ್ ಕಳೆನಾಶಕದಿಂದ ಮಣ್ಣಿಗೆ ಡಯಾಕ್ಸಿನ್ ಎಂಬ ವಿಷ ಇಳಿದಿತ್ತು. ಆ ಮಣ್ಣನ್ನು ಅಗೆದು ದೊಡ್ಡ ಕಾಂಕ್ರೀಟ್ ಕಟ್ಟಣೆಯೊಳಗೆ ರಾಶಿ ಹಾಕಿದರು. ರಾಶಿಯ ಉದ್ದಗಲಕ್ಕೂ ವಿದ್ಯುತ್ತಿನಿಂದ ಕಾಯುವ ಕೊಳವೆಗಳನ್ನು ಇಳಿಸಿ, ಮೇಲೆ ಮುಚ್ಚಿ, 335 ಡಿಗ್ರಿಗೆ ಕಾಯಿಸಿದರು. ಎದ್ದ ಆವಿಯನ್ನು ಹೀರಿ ಶುದ್ಧಗೊಳಿಸಿದರು. 2018ಕ್ಕೆ ಮುಗಿದ ಈ ಕೆಲಸದಲ್ಲಿ ಸುಮಾರು 90,000 ಘನ ಮೀಟರ್ ಮಣ್ಣು, ಹೂಳು ಹದಕ್ಕೆ ಬಂತು.

‘ಹಾಗಾದರೆ ರವದಿ ಸುಟ್ಟರೂ ಗದ್ದೆಯ ವಿಷ ಹೋಗುತ್ತದಲ್ಲ?’ ಎಂದು ಕಬ್ಬಿನವರು ಕೇಳಬಹುದು. ಹೋಗುವುದಿಲ್ಲ. ಆ ಬೆಂಕಿಯ ಕಾವು ಕೆಲವು ಬೆರಳಿಗಿಂತ ಕೆಳಗೆ ಇಳಿಯುವುದಿಲ್ಲ, ಎದ್ದ ಆವಿಯನ್ನು ಹಿಡಿಯುವವರೂ ಇಲ್ಲ. ಜೊತೆಗೆ ಬೇಕಾಬಿಟ್ಟಿ ಉರಿಯಲ್ಲಿ, ಅದರಲ್ಲೂ ಪ್ಲಾಸ್ಟಿಕ್, ಔಷಧಿ ಡಬ್ಬಿ ಸೇರಿದರೆ, ಡಯಾಕ್ಸಿನ್ ಹೊಸದಾಗಿ ಹುಟ್ಟುತ್ತದೆ.

ಇನ್ನೊಂದು ಮಾತು: 335 ಡಿಗ್ರಿ ಕಂಡ ಮಣ್ಣಿನಲ್ಲಿ ಎರೆಹುಳುವಿರಲಿ, ಸೂಕ್ಷ್ಮಜೀವಿಯೂ ಉಳಿಯುವುದಿಲ್ಲ, ಸಾವಯವ ಅಂಶವೂ ಬಹುಮಟ್ಟಿಗೆ ಸುಟ್ಟುಹೋಗುತ್ತದೆ. ಆದ್ದರಿಂದ ಇದು ವಿಷ ಚೆಲ್ಲಿದ ಗೋದಾಮಿನ ಅಂಗಳಕ್ಕೆ, ಕಾರ್ಖಾನೆಯ ಹಿತ್ತಲಿಗೆ ಸರಿ, ಎರಿ ಹೊಲಕ್ಕಲ್ಲ.

ನಿಮ್ಮ ಹೊಲದ ಬಗ್ಗೆ ಸಂಶಯವಿದ್ದರೆ ತುಕ್ಕಾನಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಸಾರಜನಕ, ರಂಜಕ, ಪೊಟ್ಯಾಷ್ ಹೇಳುವ ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಕೀಟನಾಶಕದ ಉಳಿಕೆ ಕಾಣುವುದಿಲ್ಲ; ಅದಕ್ಕೆ ಬೇರೆ ಪರೀಕ್ಷೆಯೇ ಆಗಬೇಕು. ಎಲ್ಲಿ ಮಾಡಿಸಬೇಕೆಂದು ಕೇಳಿ ತಿಳಿದುಕೊಳ್ಳಿ.