ಎಂ.ಟೆಕ್. ಮುಗಿಯುವಷ್ಟರಲ್ಲಿ ಹಳತಾಗುವುದೇನು?

ಪ್ರಶ್ನೆ: ಬಿ.ಇ. ಮುಗಿಸಿ ಮಾನ್ಯತಾ ಟೆಕ್ ಪಾರ್ಕ್‌ನಲ್ಲಿ ಕೆಲಸದಲ್ಲಿದ್ದೇನೆ. ಇಂಟರ್ನೆಟ್‌ನ ಹೊಸ ತಂತ್ರಜ್ಞಾನಗಳನ್ನು ಕಲಿಯಲು ಎಂ.ಟೆಕ್. ಸೇರುವ ಆಸೆ. ಎರಡು ವರ್ಷದಲ್ಲಿ ಕಲಿತದ್ದೆಲ್ಲ ಹಳತಾಗಿಬಿಡುವುದಿಲ್ಲವೇ?
– ಓದುಗರು, ಯಲಹಂಕ

ಒಂದಿಷ್ಟು ಖಂಡಿತ ಹಳತಾಗುತ್ತದೆ. ಇವತ್ತಿನ ಟೂಲ್‌ಗಳ ಹೆಸರನ್ನು ಎರಡು ವರ್ಷದ ಮೇಲೆ ಯಾರೂ ಕೇಳುವುದಿಲ್ಲ. ಅವನ್ನು ಕಲಿಯಲು ಕೆಲಸ ಬಿಡಬೇಕಾಗಿಯೂ ಇಲ್ಲ, ಯೂಟ್ಯೂಬ್ ಸಾಕು. ಆದರೆ ಆ ಟೂಲ್‌ಗಳು ಹುಟ್ಟಿದ್ದು ಯಾವ ತೊಡಕಿನಿಂದ ಎಂಬುದು ಬೇರೆಯೇ ಪಾಠ.

‘ಕ್ವಿಕ್’ ಪ್ರೋಟೋಕಾಲನ್ನೇ ನೋಡಿ. ಮನೆಯ ವೈಫೈನಲ್ಲಿ ಏನೋ ಡೌನ್‌ಲೋಡ್ ಆಗುತ್ತಿದೆ, ನೀವು ಗೇಟು ದಾಟಿದಿರಿ, ಫೋನು ಮೊಬೈಲ್ ಡೇಟಾಗೆ ಹೊರಳಿತು. ಹಳೆಯ ಟಿಸಿಪಿ ಸಂಪರ್ಕವನ್ನು ಗುರುತಿಸುವುದು ಎರಡೂ ಕಡೆಯ ಐಪಿ ವಿಳಾಸ ಮತ್ತು ಪೋರ್ಟ್ ಸಂಖ್ಯೆಗಳಿಂದ. ನಿಮ್ಮ ವಿಳಾಸ ಬದಲಾದ ಕ್ಷಣ ಆ ಸಂಪರ್ಕ ಸತ್ತಂತೆ. ಕ್ವಿಕ್ ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಗುರುತು ಕೊಡುವುದರಿಂದ ವಿಳಾಸ ಬದಲಾದರೂ ಮಾತುಕತೆ ಮುಂದುವರಿಯಬಲ್ಲದು. ಗೂಗಲ್‌ನಲ್ಲಿ ಹುಟ್ಟಿದ ಇದು 2021ರಲ್ಲಿ ಆರ್‌ಎಫ್‌ಸಿ 9000 ಆಗಿ ಅಂತರರಾಷ್ಟ್ರೀಯ ಮಾನದಂಡವಾಯಿತು.

ಹೊಸದೇ. ಆದರೆ ಜೊತೆಗೇ ಬಂದ ಆರ್‌ಎಫ್‌ಸಿ 9002 ತೆರೆದರೆ ಹಳೆಯ ಕಥೆಯೇ ಎದುರಾಗುತ್ತದೆ: ದಟ್ಟಣೆ. ಹೆಬ್ಬಾಳ ದಾಟಿ ಕೆಲಸಕ್ಕೆ ಹೋಗುವ ನಿಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ! 1986ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕೂಗಳತೆ ದೂರದ ಎರಡು ಜಾಗಗಳ ನಡುವಿನ ಇಂಟರ್ನೆಟ್ ವೇಗ ದಟ್ಟಣೆಯಿಂದಾಗಿ ಸೆಕೆಂಡಿಗೆ 32,000 ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಪ್ಯಾಕೆಟ್ ಕಳೆದುಹೋದರೆ ವೇಗ ತಗ್ಗಿಸು, ದಾರಿ ತೆರವಿದ್ದರೆ ಮೆಲ್ಲಗೆ ಏರಿಸು ಎಂಬ ಉಪಾಯವನ್ನು ಅಲ್ಲಿನ ಸಂಶೋಧಕ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದರು. ಆರ್‌ಎಫ್‌ಸಿ 9002 ಕ್ವಿಕ್‌ಗೆ ವಿವರಿಸುವ ವಿಧಾನ ಆ ಉಪಾಯದ ಮೇಲೇ ನಿಂತಿದೆ.

ಎಂ.ಟೆಕ್.ನಲ್ಲಿ ಕಲಿಯಬೇಕಾದದ್ದು ಇಂಥ ಹಳತಾಗದ ಪಾಠವನ್ನೇ. ನಿಮ್ಮ ಕಡೆ ಕಾಲೇಜುಗಳಿಗೆ ಬರವಿಲ್ಲ. ಸಿಲಬಸ್ಸಿನಲ್ಲಿ ಬ್ಲಾಕ್‌ಚೈನ್, ಮೆಟಾವರ್ಸ್ ಎಂದೆಲ್ಲ ಕಂಡರೆ ಮರುಳಾಗಬೇಡಿ. ಮೂಲ ಪ್ರಬಂಧಗಳನ್ನು ಓದಿಸುತ್ತಾರೋ, ಎರಡನೇ ವರ್ಷದ ಪ್ರಾಜೆಕ್ಟನ್ನು ವಿದ್ಯಾರ್ಥಿಗಳು ತಾವೇ ಮಾಡುತ್ತಾರೋ ಇಲ್ಲ ದುಡ್ಡು ಕೊಟ್ಟು ಮಾಡಿಸುತ್ತಾರೋ ಎಂದು ಸೀನಿಯರ್‌ಗಳನ್ನು ಕೇಳಿ. ನನ್ನ ಮಟ್ಟಿಗೆ ಕೊನೆಯದೇ ಮುಖ್ಯ.

ಅದಕ್ಕೂ ಮೊದಲು, ಇವತ್ತು ರಾತ್ರಿ ನೆಟ್‌ವರ್ಕ್ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಹಾಕಿಕೊಳ್ಳಿ, ಅದು ಉಚಿತ. ಕ್ರೋಮ್‌ನಲ್ಲಿ ಒಂದು ಯೂಟ್ಯೂಬ್ ವಿಡಿಯೊ ತೆರೆದು, ಯುಡಿಪಿ ಪೋರ್ಟ್ 443ರಲ್ಲಿ ಹರಿಯುವ ಕ್ವಿಕ್ ಪ್ಯಾಕೆಟ್‌ಗಳನ್ನು ಹಿಡಿದು, ಆರ್‌ಎಫ್‌ಸಿ 9000ನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ. ನಿದ್ದೆ ಬಂದರೆ ಎಂ.ಟೆಕ್. ಗೋಜು ಬಿಡಿ, ಇರುವ ಕೆಲಸವೇ ವಾಸಿ. ನಿದ್ದೆ ಹಾರಿಹೋದರೆ ಎಂ.ಟೆಕ್. ಪ್ರವೇಶದ ಗೇಟ್ ಪರೀಕ್ಷೆಗೆ ತಯಾರಾಗಿ. ಅದು ಫೆಬ್ರವರಿಯಲ್ಲಿ ನಡೆಯುತ್ತದೆ, ಅರ್ಜಿ ಮಾತ್ರ ಹಿಂದಿನ ವರ್ಷವೇ ಹಾಕಬೇಕು.