ಉಡುಗೊರೆ ವಿಷವಾದದ್ದು ಹೇಗೆ?

ಪ್ರಶ್ನೆ: ಜರ್ಮನ್ ಭಾಷೆಯಲ್ಲಿ ‘ಗಿಫ್ಟ್’ ಎಂದರೆ ವಿಷ ಎಂದು ಅಲ್ಲಿ ಓದುತ್ತಿರುವ ಮಗಳು ಹೇಳಿದಳು. ಇಂಗ್ಲಿಷಿನ ‘ಗಿಫ್ಟ್’ ಉಡುಗೊರೆಯಲ್ಲವೆ? ಇವು ಒಂದೇ ಪದವೊ, ಬೇರೆ ಬೇರೆಯೊ?

ಉತ್ತರ: ಉಡುಗೊರೆಗೂ ವಿಷಕ್ಕೂ ಏನು ನಂಟು ಎಂದು ಯಾರಿಗಾದರೂ ಅನಿಸಬೇಕಾದದ್ದೇ. ಆದರೆ ಇವು ಒಂದೇ ಪದ. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಭಾಷೆಗಳು ಒಂದೇ ಜರ್ಮಾನಿಕ್ ಕುಟುಂಬದವು. ಆ ಕುಟುಂಬದಲ್ಲಿ ‘ಕೊಡು’ ಎಂಬ ಕ್ರಿಯಾಪದದಿಂದ ಹುಟ್ಟಿದ ಈ ನಾಮಪದಕ್ಕೆ ಮೂಲದಲ್ಲಿ ‘ಕೊಡುವುದು, ಕೊಟ್ಟದ್ದು’ ಎಂದಷ್ಟೇ ಅರ್ಥ. ಇಂಗ್ಲಿಷಿನ ‘ಗಿವ್’, ಜರ್ಮನ್ನಿನ ‘ಗೇಬೆನ್’ ಅದೇ ಮೂಲದವು.

ವಿಷದ ಅರ್ಥ ಬಂದದ್ದು ವೈದ್ಯದ ಕಡೆಯಿಂದ. ಗ್ರೀಕಿನಲ್ಲಿ ‘ಡೋಸಿಸ್’ ಎಂದರೆ ಕೊಡುವುದು. ವೈದ್ಯರು ಒಂದು ಸಲಕ್ಕೆ ಕೊಡುವ ಔಷಧದ ಪ್ರಮಾಣಕ್ಕೂ ಅದೇ ಹೆಸರು. ನಮ್ಮ ಆಸ್ಪತ್ರೆಗಳ ‘ಡೋಸ್’ ಅದೇ. ಲ್ಯಾಟಿನ್ ಮೂಲಕ ಬಂದ ಈ ಪದಕ್ಕೆ ಸಂವಾದಿಯಾಗಿ ಜರ್ಮನ್ನರು ತಮ್ಮದೇ ‘ಗಿಫ್ಟ್’ ಅನ್ನು ಬಳಸಿದರು. ಕೊಟ್ಟ ಮದ್ದು ಕೊಲ್ಲುವ ಮದ್ದೂ ಆಗಬಹುದಲ್ಲ. ವಿಷವೆಂದು ಬಾಯಿಬಿಟ್ಟು ಹೇಳಲು ಹಿಂಜರಿದವರಿಗೆ ಮೃದುವಾದ ಪದವೊಂದು ಸಿಕ್ಕಿತು. ನಾವೂ ‘ಯಾರೋ ಮದ್ದು ಹಾಕಿದ್ದಾರೆ’ ಎನ್ನುತ್ತೇವೆ. ಅಲ್ಲಿ ಮದ್ದು ಔಷಧವಲ್ಲ ಎಂಬುದು ಕೇಳಿದವರಿಗೆಲ್ಲ ಗೊತ್ತು. ಜರ್ಮನ್ನಿನಲ್ಲಿ ಎರಡು ಅರ್ಥಗಳೂ ಬಹುಕಾಲ ಜೊತೆಗಿದ್ದು, ಕೊನೆಗೆ ವಿಷವೇ ನಿಂತಿತು.

ಸ್ವೀಡಿಷ್, ಡೇನಿಷ್, ನಾರ್ವೇಜಿಯನ್ ಭಾಷೆಗಳಲ್ಲಿ ‘ಗಿಫ್ಟ್’ ಎಂದರೆ ವಿಷವೂ ಹೌದು, ‘ಮದುವೆಯಾದ’ ಎಂದೂ ಹೌದು. ಇಲ್ಲಿ ಒಂದು ಗೊಂದಲ ಆಗುತ್ತದೆ: ಒಂದು ಅರ್ಥದಿಂದ ಇನ್ನೊಂದು ಹುಟ್ಟಿತೆಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಎರಡೂ ‘ಕೊಡು’ವಿನಿಂದಲೇ ಬೇರೆ ಬೇರೆ ದಾರಿಯಲ್ಲಿ ಬಂದವು. ‘ಮಗಳನ್ನು ಯಾವ ಊರಿಗೆ ಕೊಟ್ಟಿದ್ದೀರಿ?’ ಎಂದು ಕೇಳುವ ನಮಗೆ ಮದುವೆಯ ದಾರಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಇಂಗ್ಲಿಷಿನಲ್ಲೂ ಈ ಪದಕ್ಕೆ ವಧುವಿಗಾಗಿ ತೆರುವ ಹಣ ಎಂಬ ಅರ್ಥವಿತ್ತು. ಅದರ ಬಹುವಚನಕ್ಕೆ ಮದುವೆ ಎಂದೇ ಅರ್ಥ. ಆಗ ಅದನ್ನು ‘ಯಿಫ್ಟ್’ ಎನ್ನುತ್ತಿದ್ದರು. ಇಂದಿನ ‘ಗ’ಕಾರ, ಉಡುಗೊರೆಯ ಅರ್ಥ ಎರಡೂ ವೈಕಿಂಗರ ನಾರ್ಸ್ ಭಾಷೆಯ ಪ್ರಭಾವ.

ಇನ್ನೊಂದು ಮಾತು. ಸಂಸ್ಕೃತದ ‘ದಾನ’ಕ್ಕೆ ಬಂಧು ‘ಗಿಫ್ಟ್’ ಇರಬಹುದೆಂದು ನಿಮಗೆ ಅನಿಸಬಹುದು. ಅರ್ಥ ಹತ್ತಿರವಾದರೂ ಧಾತು ಬೇರೆ. ದಾನದ ನಿಜವಾದ ಬಂಧು ಆ ‘ಡೋಸ್’!

ಹಳೆಯ ಅರ್ಥ ಜರ್ಮನ್ನಿನಲ್ಲಿ ಪೂರ್ತಿ ಅಳಿದಿಲ್ಲ. ಮದುಮಗಳ ಜೊತೆ ಕೊಟ್ಟು ಕಳಿಸುವ ವರದಕ್ಷಿಣೆಗೆ ‘ಮಿಟ್‌ಗಿಫ್ಟ್’ ಎನ್ನುತ್ತಾರೆ. ಅದು ಇಂದಿಗೂ ಸ್ತ್ರೀಲಿಂಗ, ವಿಷವಾದ ‘ಗಿಫ್ಟ್’ ನಪುಂಸಕಲಿಂಗ. ನಿಮ್ಮ ಮಗಳು ಅಲ್ಲಿಯ ಗೆಳತಿಗೆ ಉಡುಗೊರೆ ಒಯ್ಯುವಾಗ ‘ಗೆಶೆಂಕ್’ ಎನ್ನಲಿ.